ಕಾರವಾರದಲ್ಲಿ ಅಂಗಡಿ ವ್ಯಾಪಾರ ಬಿದ್ದಿದೆ, ಇಂಥ ಕಾಲ ದಾಟಿದವರು ಅನುಭವ ಹೇಳಿ

ಕಾರವಾರದಿಂದ ಪ್ರಶ್ನೆ:
ಕೋಡಿಬಾಗದಲ್ಲಿ ನಮ್ಮ ಕಿರಾಣಿ ಅಂಗಡಿ. ಅಪ್ಪ ಶುರು ಮಾಡಿದ್ದು, ಎಂಟು ವರ್ಷದಿಂದ ನಾನು ನೋಡಿಕೊಳ್ತಿದ್ದೇನೆ. ಗಿರಾಕಿಗಳು ಮೊದಲಿನ ಹಾಗೇ ಬರ್ತಾರೆ, ಆದರೆ ಕಿಲೋ ಒಯ್ಯುತ್ತಿದ್ದವರು ಕಾಲು ಕಿಲೋ ಕೇಳ್ತಾರೆ, ಅದೂ ಉದ್ರಿ. ಹೋಲ್‌ಸೇಲ್‌ನವರ ಬಾಕಿ ಏರ್ತಾ ಇದೆ. ಹೆಂಡತಿಯ ಬಂಗಾರ ಅಡವಿಟ್ಟು ಅಂಗಡಿ ತುಂಬಿಸಲೋ, ಕೆಲಸದ ಹುಡುಗನನ್ನು ಬಿಡಿಸಲೋ, ಉದ್ರಿ ಪೂರ್ತಿ ನಿಲ್ಲಿಸಲೋ? ರಾತ್ರಿ ನಿದ್ದೆ ಬರ್ತಿಲ್ಲ.

ಅಂಕೋಲಾ, ಕಿರಾಣಿ:
ತಮ್ಮಾ, ಬಂಗಾರಕ್ಕೆ ಮಾತ್ರ ಕೈ ಹಾಕಬೇಡ. 2020ರಲ್ಲಿ ನಾನು ಅದನ್ನೇ ಮಾಡಿದೆ. ಲಾಕ್‌ಡೌನ್ ಸಡಿಲಾದ ಕೂಡಲೇ ಜನ ಮುಗಿಬೀಳ್ತಾರೆ ಅಂದುಕೊಂಡು ದ್ರಾಕ್ಷಿ, ಗೋಡಂಬಿ, ದೊಡ್ಡ ಬಾಟ್ಲಿ ಶಾಂಪೂ ಎಲ್ಲ ತಂದು ತುಂಬಿದೆ. ಜನ ಬಂದರು, ಅಕ್ಕಿ ಎಣ್ಣೆ ಒಯ್ದರು. ಉಳಿದದ್ದು ಕಪಾಟಿನಲ್ಲೇ ಕೂತಿತು. ಬ್ಯಾಂಕಿನ ಹಳೆ ಸಾಲದ ಕಂತು ಮುಂದೂಡಲಿಕ್ಕೆ ರಿಸರ್ವ್ ಬ್ಯಾಂಕು ಆ ವರ್ಷ ಆಗಸ್ಟ್ 31ರ ತನಕ ಅವಕಾಶ ಕೊಟ್ಟಿತ್ತಲ್ಲ, ಅದನ್ನೂ ತಗೊಂಡೆ. ಕಂತು ನಿಂತಿತು, ಬಡ್ಡಿ ನಿಲ್ಲಲಿಲ್ಲ. ಬಂಗಾರ ಬಿಡಿಸಲಿಕ್ಕೆ ಮೂರು ವರ್ಷ ಹಿಡೀತು. ಹೆಂಡತಿ ಒಂದು ಮಾತು ಆಡಲಿಲ್ಲ, ಅದೇ ಇವತ್ತಿಗೂ ಮನಸ್ಸಿಗೆ ಚುಚ್ತದೆ.

ಆಮೇಲೆ ಕೈ ಹಿಡಿದದ್ದು ಒಂದು ಇನ್ನೂರು ಪುಟದ ನೋಟುಬುಕ್ಕು. ಯಾವ ಮಾಲು ಯಾವತ್ತು ಬಂತು, ಯಾವತ್ತು ಖಾಲಿಯಾಯ್ತು ಅಂತ ಬರೆಯುತ್ತ ಹೋದೆ. ಒಂದೂವರೆ ತಿಂಗಳು ಅಲ್ಲಾಡದ್ದನ್ನು ಅಸಲಿಗೇ ಕೊಟ್ಟು ನಗದು ಮಾಡಿದೆ. ವಾರಕ್ಕೆರಡು ಸಲ ಸಣ್ಣ ಖರೀದಿ. ಚೀಲಕ್ಕೆ ಹತ್ತಿಪ್ಪತ್ತು ರೂಪಾಯಿ ಹೆಚ್ಚು ಬೀಳ್ತದೆ, ಬೀಳಲಿ, ದುಡ್ಡು ಚೀಲದೊಳಗೆ ಸಿಕ್ಕಿಕೊಳ್ಳೋದಿಲ್ಲ. ಹೋಲ್‌ಸೇಲ್‌ನವರು ಫೋನ್ ಮಾಡೋ ಮೊದಲೇ ನಾನೇ ಹೋಗಿ, ಪ್ರತಿ ಶನಿವಾರ ಇಷ್ಟು ಕೊಡ್ತೇನೆ ಅಂದೆ. ಒಂದು ಶನಿವಾರವೂ ತಪ್ಪಿಸಲಿಲ್ಲ. ಅಕ್ಕಿ ಎಣ್ಣೆ ನಿಲ್ಲದೆ ಬಂತು.

ಸ್ಟಾಕ್ ಇಳಿಸೋದಕ್ಕೂ ಒಂದು ಮಿತಿ ಉಂಟು. 2024ರ ಜುಲೈ 16ರಂದು ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ ಬಂದ್ ಆದಾಗ ಮಂಗಳೂರು ಕಡೆಯ ಲೋಡು ಬರಲೇ ಇಲ್ಲ. ಆಗಿನಿಂದ ಅಕ್ಕಿ, ಉಪ್ಪು, ಎಣ್ಣೆ, ಬೆಂಕಿಪೊಟ್ಟಣ ಮೂರು ವಾರಕ್ಕಾಗುವಷ್ಟು ಮಳೆಗಾಲಕ್ಕೆ ಮೊದಲೇ ಇಡ್ತೇನೆ.

ನಿನ್ನ ಉದ್ರಿ ಒಟ್ಟು ಎಷ್ಟಾಗಿದೆ ಅಂತ ಕೂಡಿಸಿದ್ದೀಯಾ? ಮೊದಲು ಅದನ್ನು ಮಾಡು.

ಹೊನ್ನಾವರ, ಕಾಸರಕೋಡ:
ಅಣ್ಣಾ, ಉದ್ರಿ ಪೂರ್ತಿ ನಿಲ್ಲಿಸಬೇಡಿ. ನಮ್ಮಲ್ಲಿ ಜೂನ್ 1ರಿಂದ ಜುಲೈ 31ರ ತನಕ 61 ದಿನ ಸರಕಾರದ ಮೀನುಗಾರಿಕೆ ನಿಷೇಧ, ಯಂತ್ರದ ಬೋಟುಗಳು ಸಮುದ್ರಕ್ಕೆ ಇಳಿಯೋ ಹಾಗಿಲ್ಲ. ಬೋಟಿನ ಕೆಲಸದವರ ಮನೆಗೆ ಆಗ ನಾನೂ ಕೊಡದೆ ಹೋದರೆ ಒಲೆ ಹಚ್ಚೋದು ಹೇಗೆ? ಅಕ್ಕಿ, ಎಣ್ಣೆ, ಚಾಪುಡಿ, ಸಕ್ಕರೆ ಮಾತ್ರ ಉದ್ರಿ. ಬಿಸ್ಕೀಟು, ಸೋಪು ನಗದು. ಮನೆಗೊಂದು ಮಿತಿ, ಅದನ್ನು ಮೊದಲೇ ಹೇಳ್ತೇನೆ. ಲೆಕ್ಕ ಅವರ ಪುಸ್ತಕದಲ್ಲೂ ಬರೀತೇನೆ, ನನ್ನದರಲ್ಲೂ. ಬೋಟು ಇಳಿದ ಮೇಲೆ ವಾರವಾರ ತಂದುಕೊಡ್ತಾರೆ. ಹನ್ನೊಂದು ವರ್ಷದಲ್ಲಿ ಕೈಕೊಟ್ಟವರು ಎರಡೇ ಮನೆ.

ಶಿರಸಿ, ಬಟ್ಟೆ ಅಂಗಡಿ:
2020ರ ಮಾರ್ಚ್ ಮೊದಲ ವಾರ ಮಾರಿಕಾಂಬಾ ಜಾತ್ರೆ. ಎರಡು ವರ್ಷಕ್ಕೊಮ್ಮೆ ಬರೋದು, ಹಾಗಾಗಿ ಧಾರಾಳ ಮಾಲು ತರಿಸಿದ್ದೆ. ಉಳಿದದ್ದು ಮದುವೆ ಸೀಸನ್ನಿಗೆ ಹೋಗ್ತದೆ ಅಂದುಕೊಂಡರೆ 25ರಿಂದ ಊರೇ ಬಾಗಿಲು ಹಾಕಿತು. ಆಗ ಕೆಲಸದವನನ್ನು ಬಿಡಿಸದೆ, ಇಬ್ಬರೂ ಕೂತು ಮಾತಾಡಿ ಅರ್ಧ ದಿನ, ಅರ್ಧ ಸಂಬಳ ಮಾಡಿಕೊಂಡೆವು. ಯಾವ ಮನೆಯಲ್ಲಿ ಮದುವೆ, ಯಾವ ಮನೆಯಲ್ಲಿ ಬಾಣಂತಿ ಅಂತ ನನಗಿಂತ ಅವನಿಗೇ ಚೆನ್ನಾಗಿ ಗೊತ್ತು. ಬಟ್ಟೆಯ ಫೋಟೋ ಕಳಿಸಿ, ಬೈಕಿನಲ್ಲಿ ಹಳ್ಳಿ ಹಳ್ಳಿಗೆ ಮುಟ್ಟಿಸಿದ. ಅವನಿಲ್ಲದಿದ್ದರೆ ಅಂಗಡಿ ಉಳೀತಿರಲಿಲ್ಲ.

ಇಲ್ಲಿ ನಾವು ಅಡಿಕೆ ಮಾರಾಟದ ತಿಂಗಳು ನೋಡಿ ಮಾಲು ತರ್ತೇವೆ. ನಿಮ್ಮದು ಸರಕಾರಿ ನೌಕರರ ಊರು, ಸಂಬಳದ ವಾರ ನೋಡಿ ತನ್ನಿ.

ಕುಮಟಾ, ಲೆಕ್ಕಪತ್ರ ಬರೆಯುವವ:
ಮೀಟರ್ ಬಡ್ಡಿಯವರ ಹತ್ತಿರ ದಯವಿಟ್ಟು ಹೋಗಬೇಡಿ ಸರ್. 2021ರ ಜುಲೈಯಿಂದ ಚಿಲ್ಲರೆ ಅಂಗಡಿಯವರೂ ಉದ್ಯಮ್ ನೋಂದಣಿ, ಅಂದರೆ ಸಣ್ಣ ಉದ್ದಿಮೆ ಅಂತ ಕೇಂದ್ರ ಸರಕಾರದಲ್ಲಿ ಹೆಸರು ಬರೆಸೋದು, ಮಾಡಬಹುದು, ಅದಕ್ಕೆ ಶುಲ್ಕ ಇಲ್ಲ. ಬ್ಯಾಂಕಿನಲ್ಲಿ ಆದ್ಯತಾ ವಲಯದ ಸಾಲ (ಕೃಷಿ, ಸಣ್ಣ ಉದ್ದಿಮೆಯಂಥವಕ್ಕೆ ಬ್ಯಾಂಕುಗಳು ಕೊಡಲೇಬೇಕಾದ ಪಾಲಿನ ಸಾಲ) ಕೇಳಲಿಕ್ಕೆ ಆಧಾರ ಆಗ್ತದೆ. ಇನ್ನೊಂದು, ಮನೆಯವರು, ನೆಂಟರು ಹಾಕುವ ದುಡ್ಡು ಅಂಗಡಿಯ ಕ್ಯೂಆರ್ ಕೋಡಿಗೆ ಬರದ ಹಾಗೆ ನೋಡಿಕೊಳ್ಳಿ. 2025ರ ಜುಲೈನಲ್ಲಿ ಯುಪಿಐ ಲೆಕ್ಕ ಹಿಡಿದು ಸಣ್ಣ ಅಂಗಡಿಗಳಿಗೆ ಜಿಎಸ್‌ಟಿ ನೋಟಿಸ್ ಬಂದಾಗ ಎರಡೂ ಬೆರೆಸಿಕೊಂಡವರು ಬಹಳ ಒದ್ದಾಡಿದರು.

ಕಾರವಾರ:
ನಿನ್ನೆ ರಾತ್ರಿ ಕೂತು ಕೂಡಿಸಿದೆ ಅಣ್ಣಾ. ಉದ್ರಿ 64,300. ಹೋಲ್‌ಸೇಲ್ ಬಾಕಿ 71,000. ಬಂಗಾರದ ಮಾತು ಬಿಟ್ಟೆ. ಹುಡುಗನೂ ಇರ್ತಾನೆ. ಆದರೆ ಬಾಕಿ ಕೇಳಲಿಕ್ಕೆ ಬಾಯಿ ಬರೋದಿಲ್ಲ.

ಅಂಕೋಲಾ, ಕಿರಾಣಿ:
ಸಂಬಳದ ಮನೆಗಳಿಂದ ಶುರು ಮಾಡು, ತಿಂಗಳ ಮೂರನೇ ತಾರೀಖಿನೊಳಗೆ. ಅಂಗಡಿಯಲ್ಲಿ ನಾಲ್ಕು ಜನರ ಎದುರು ಕೇಳಬೇಡ, ಪುಸ್ತಕ ಹಿಡಿದು ಮನೆಗೇ ಹೋಗು. ಪೂರ್ತಿ ಕೇಳಬೇಡ, ಕಾಲು ಭಾಗ ಕೇಳು, ಕೊಟ್ಟಷ್ಟನ್ನು ಅವರೆದುರೇ ಜಮಾ ಬರೆ.