ಸ್ಟೆಂಟ್ ಒಳಗೇ ಮತ್ತೆ ಬ್ಲಾಕ್: ಒಳಗಿಂದ ನೋಡುವ ಪರೀಕ್ಷೆ ಬೇಕಾ?

ಪ್ರಶ್ನೆ: ಅಪ್ಪನ ಹೃದಯದ ರಕ್ತನಾಳ ತೆರೆದಿಡಲು ಕೆಲವು ವರ್ಷಗಳ ಹಿಂದೆ ಹಾಕಿದ ಸ್ಟೆಂಟ್ (ಲೋಹದ ಜಾಲರಿ ಕೊಳವೆ) ಒಳಗೇ ಮತ್ತೆ ಬ್ಲಾಕ್ ಆಗಿದೆ ಅಂತ ಆಂಜಿಯೋದಲ್ಲಿ ಗೊತ್ತಾಗಿದೆ. ಮುಂದಿನ ಚಿಕಿತ್ಸೆಗೆ ಮೊದಲು ರಕ್ತನಾಳದ ಒಳಗಿಂದ ಐವಸ್ ಅಥವಾ ಓಸಿಟಿ ಅನ್ನುವ ಪರೀಕ್ಷೆ ಮಾಡಿ ನೋಡುತ್ತೇವೆ ಅನ್ನುತ್ತಾರೆ. ಆಂಜಿಯೋ ಆಗಿದೆಯಲ್ಲ, ಇದು ನಿಜಕ್ಕೂ ಬೇಕಾ? ಕಿಡ್ನಿ ತೊಂದರೆಯೂ ಇದೆ. ಬಲ್ಲವರು ಹೇಳಿ.

ಉತ್ತರ: ಬೇಕು. ನಾನು ಆಂಜಿಯೋ, ಸ್ಟೆಂಟ್ ಎಲ್ಲ ಮಾಡುವ ಕ್ಯಾತ್‌ಲ್ಯಾಬಿನಲ್ಲಿ ಕೆಲಸ ಮಾಡುವವನು, ದಿನಾ ನೋಡುವುದನ್ನೇ ಹೇಳುತ್ತೇನೆ. ಆಂಜಿಯೋ ಅಂದರೆ ಎಕ್ಸ್-ರೇಯಲ್ಲಿ ಕಾಣುವಂತೆ ನಾಳಕ್ಕೆ ಬಿಟ್ಟ ಡೈ ಹರಿದ ದಾರಿಯ ನೆರಳು ಅಷ್ಟೇ. ದಾರಿ ಕಿರಿದಾಗಿದೆ ಅಂತ ತೋರಿಸುತ್ತದೆ, ಯಾಕೆ ಅಂತ ಹೇಳುವುದಿಲ್ಲ. ಸ್ಟೆಂಟ್ ಒಳಗೆ ಹೊಸ ಅಂಗಾಂಶ ದಪ್ಪಗೆ ಬೆಳೆದಿರಬಹುದು, ವರ್ಷಗಳು ಕಳೆದ ಮೇಲೆ ಅದರಲ್ಲೂ ಕೊಬ್ಬು ಸೇರಿರಬಹುದು, ಸ್ಟೆಂಟಿನ ತಂತಿ ಮುರಿದಿರಬಹುದು, ಇಲ್ಲವೇ ಹಾಕಿದ ದಿನವೇ ಅದು ಪೂರ್ತಿ ಅರಳದೆ ಉಳಿದಿರಬಹುದು. ಈ ಕೊನೆಯದು ಅಪರೂಪವೇನಲ್ಲ. ಸ್ಟೆಂಟಿನ ಹೊರಗೆ ನಾಳದ ಗೋಡೆಯಲ್ಲಿ ಕಲ್ಲಿನಂಥ ಕ್ಯಾಲ್ಸಿಯಂ ಇದ್ದು ಸ್ಟೆಂಟ್ ಬಿಗಿದುಕೊಂಡಿರುವಾಗ ಅದರ ಮೇಲೆ ಸುಮ್ನೆ ಇನ್ನೊಂದು ಹಾಕಿದರೆ ಅದೂ ಅರಳುವುದಿಲ್ಲ, ಲೋಹ ಮಾತ್ರ ಎರಡು ಪದರ ಆಗುತ್ತದೆ. ಅಂಥ ಕಡೆ ಜಾಸ್ತಿ ಒತ್ತಡದ ಗಟ್ಟಿ ಬಲೂನ್ ಬೇಕು, ಅದಕ್ಕೂ ಬಗ್ಗದಿದ್ದರೆ ಆಘಾತದ ಅಲೆಯಿಂದ ಕ್ಯಾಲ್ಸಿಯಂ ಒಡೆಯುವ ಬಲೂನ್ ಇದೆ. ಸ್ಟೆಂಟ್ ಚೆನ್ನಾಗಿ ಅರಳಿದ್ದು ಬರೀ ಅಂಗಾಂಶ ಬೆಳೆದಿದ್ದರೆ ಔಷಧ ಲೇಪಿಸಿದ ಬಲೂನಿನಲ್ಲೇ ಮುಗಿಯಬಹುದು, ಹೊಸ ಲೋಹವೇ ಬೇಡ. ಕಾರಣ ನೋಡದೆ ಇದನ್ನೆಲ್ಲ ಹೇಗೆ ಆರಿಸುವುದು? 2018ರ ಯುರೋಪಿನ ಮಾರ್ಗಸೂಚಿಯೂ ಮತ್ತೆ ಕಿರಿದಾದ ಸ್ಟೆಂಟಿಗೆ ಈ ಪರೀಕ್ಷೆಯನ್ನು ಪರಿಗಣಿಸಿ ಅನ್ನುತ್ತದೆ.

ಉತ್ತರ: ಕಿಡ್ನಿ ವಿಷಯಕ್ಕೆ ನಾನು ಹೇಳುತ್ತೇನೆ, ನಮ್ಮಮ್ಮನಿಗೂ ಇದೇ ಗೊಂದಲ ಇತ್ತು. ಐವಸ್ ಶಬ್ದದ ಅಲೆಯಲ್ಲಿ ನೋಡುತ್ತದೆ, ಓಸಿಟಿ ಬೆಳಕಿನಲ್ಲಿ. ಓಸಿಟಿ 10ರಿಂದ 20 ಮೈಕ್ರಾನಿನಷ್ಟು (ಮಿಲಿಮೀಟರಿನ ಸಾವಿರದಲ್ಲೊಂದು ಭಾಗ ಒಂದು ಮೈಕ್ರಾನ್) ಸಣ್ಣದನ್ನೂ ಬಿಡಿಸಿ ತೋರಿಸುತ್ತದೆ, ಸಾಮಾನ್ಯ ಐವಸ್ 100ರ ಆಸುಪಾಸು. ಹಾಗಾಗಿ ಅಂಗಾಂಶ ಯಾವ ಬಗೆಯದು ಅಂತ ನೋಡಲು ಓಸಿಟಿ ಮೇಲು. ಆದರೆ ಬೆಳಕು ರಕ್ತ ದಾಟಿ ಹೋಗುವುದಿಲ್ಲ, ಚಿತ್ರ ತೆಗೆಯುವಾಗೆಲ್ಲ ರಕ್ತವನ್ನು ಸರಿಸಲು ಸಾಮಾನ್ಯವಾಗಿ ಡೈಯನ್ನೇ ಬಿಡುತ್ತಾರೆ, ಡೈ ಜಾಸ್ತಿಯಾದರೆ ಕಿಡ್ನಿಗೆ ಹೊರೆ. ಐವಸ್‌ಗೆ ಅದು ಬೇಡ, ಜೊತೆಗೆ ಅದು ನಾಳದ ಗೋಡೆಯಲ್ಲಿ ಇನ್ನೂ ಆಳಕ್ಕೆ ನೋಡುತ್ತದೆ. ಅಮ್ಮನಿಗೆ ಡಾಕ್ಟರು ಐವಸ್ಸನ್ನೇ ಆರಿಸಿದರು. ನಿಮ್ಮಪ್ಪನ ಕ್ರಿಯಾಟಿನಿನ್ (ಕಿಡ್ನಿ ಹೇಗೆ ಕೆಲಸ ಮಾಡುತ್ತಿದೆ ಅಂತ ತೋರಿಸುವ ರಕ್ತಪರೀಕ್ಷೆ) ಎಷ್ಟಿದೆ ಅಂತ ಮೊದಲೇ ಅವರ ಗಮನಕ್ಕೆ ತನ್ನಿ.

ಪ್ರಶ್ನೆ ಕೇಳಿದವರು: ಕ್ರಿಯಾಟಿನಿನ್ ಜಾಸ್ತಿಯೇ ಇದೆ, ಐವಸ್ ಸಾಧ್ಯವಾ ಅಂತ ಕೇಳುತ್ತೇನೆ. ಇದರಿಂದ ಅಪಾಯವೇನೂ ಇಲ್ವಾ?

ಉತ್ತರ: ಇಲ್ಲವೇ ಇಲ್ಲ ಅನ್ನಲಾಗದು. ನಾಳ ಸ್ವಲ್ಪ ಹೊತ್ತು ಸೆಟೆದು ಬಿಗಿಯಾಗುವುದು, ಒಳಪದರಕ್ಕೆ ಏಟಾಗುವುದು ಇವೆ, ಆದರೆ ಕಡಿಮೆ. ನನಗೆ ಮಾಡಿದಾಗ ಸ್ವಲ್ಪ ಹೊತ್ತು ಜಾಸ್ತಿ ಮಲಗಿದ್ದೆ ಅನ್ನುವುದು ಬಿಟ್ಟರೆ ಏನೂ ಗೊತ್ತಾಗಲಿಲ್ಲ. ಬ್ಲಾಕ್ ತೀರಾ ಬಿಗಿ ಇದ್ದರೆ ಪರೀಕ್ಷೆಯ ಸಣ್ಣ ಕೊಳವೆ (ಕ್ಯಾತೆಟರ್) ಒಳಗೇ ಹೋಗುವುದಿಲ್ಲ, ಆಗ ಸಣ್ಣ ಬಲೂನಿನಿಂದ ದಾರಿ ಮಾಡಿಕೊಂಡು ಆಮೇಲೆ ನೋಡುತ್ತಾರೆ.

ಕ್ಯಾತ್‌ಲ್ಯಾಬಿನವರು: ಇನ್ನೊಂದು ಮಾತು. ಮೊದಲು ನೋಡಿ ಸುಮ್ಮನಾಗಬಾರದು, ಬಲೂನ್ ಆದ ಮೇಲೂ ನೋಡಬೇಕು. ಸ್ಟೆಂಟಿನ ಅತಿ ಕಿರಿದಾದ ಜಾಗದ ವಿಸ್ತೀರ್ಣ ಅಕ್ಕಪಕ್ಕದ ಒಳ್ಳೆಯ ನಾಳದ 80% ದಾಟಿದೆಯಾ ಅಂತ ಸಾಮಾನ್ಯವಾಗಿ ಲೆಕ್ಕ ಹಾಕುತ್ತಾರೆ. ಎರಡೂ ಸಲ ನೋಡುತ್ತೀರಾ ಅಂತ ಮುಂಚೆಯೇ ಕೇಳಿ. ಹಳೆಯ ಆಂಜಿಯೋ ಸಿಡಿ, ಸ್ಟೆಂಟ್ ಕಾರ್ಡ್ ಇದ್ದರೆ ತಪ್ಪದೆ ಒಯ್ಯಿರಿ. ಕಾರ್ಡಿನಲ್ಲಿ ಅಳತೆ ಬರೆದಿದ್ದರೆ, ಎಷ್ಟು ಅರಳಬೇಕಿತ್ತು, ಈಗ ಎಷ್ಟಿದೆ ಅಂತ ಅವರು ಹೋಲಿಸಿ ನೋಡಬಹುದು.