ಬೋರ್‌ವೆಲ್ ನೀರಿನ ಫ್ಲೋರೈಡ್ ಅಳೆಯಲು ಯಾವ ಸಾಧನ ಕೊಳ್ಳಬೇಕು? ಬಳಸಿದವರು ಹೇಳಿ

ಕೇಳಿದವರು, ಚಿಂತಾಮಣಿ ತಾಲ್ಲೂಕು:
ನಮ್ಮ ಶಾಲೆಯ ಕೊಳವೆಬಾವಿಯ ನೀರಿಗೆ ಟಿಡಿಎಸ್ ಮೀಟರ್ (ಕರಗಿದ ಲವಣಗಳ ಒಟ್ಟು ಪ್ರಮಾಣ ತೋರಿಸುವ ಸಾಧನ) ಅದ್ದಿದರೆ 480 ತೋರಿಸುತ್ತದೆ. ಐನೂರರ ಒಳಗಿದ್ದರೆ ಒಳ್ಳೆಯ ನೀರು ಎನ್ನುತ್ತಾರೆ. ಆದರೆ ಹಲವು ಮಕ್ಕಳ ಮುಂಭಾಗದ ಹಲ್ಲುಗಳಲ್ಲಿ ಕಂದು ಗೆರೆಗಳಿವೆ, ನೀರಿನಲ್ಲಿ ಫ್ಲೋರೈಡ್ ಹೆಚ್ಚಿದ್ದರೆ ಹೀಗಾಗುತ್ತದಂತೆ. ಜೊತೆಯಲ್ಲಿ ಒಯ್ಯಬಹುದಾದ ಫ್ಲೋರೈಡ್ ಮಾಪಕ ಕೊಂಡರೆ ಉಪಯೋಗವಾದೀತೇ?

ಪಾವಗಡದಿಂದ:
ಟಿಡಿಎಸ್ ಮೀಟರನ್ನು ದಯವಿಟ್ಟು ಪಕ್ಕಕ್ಕಿಡಿ. ನೀರಿನಲ್ಲಿ ವಿದ್ಯುತ್ ಎಷ್ಟು ಸಲೀಸಾಗಿ ಹರಿಯುತ್ತದೆ ಎಂಬುದಷ್ಟೇ ಅದಕ್ಕೆ ಗೊತ್ತು. ಕರಗಿರುವುದು ಯಾವ ಲವಣ ಎಂದು ತಿಳಿಯದು. ಫ್ಲೋರೈಡ್ ಅರ್ಧ ಮಿಲಿಗ್ರಾಂ ಇದ್ದರೂ ಮೂರು ಇದ್ದರೂ ಅದರ ಕಣ್ಣಿಗೆ ಎರಡೂ ಒಂದೇ. ಆ ಅಂಕಿಯನ್ನು ನಂಬಿ ನಮ್ಮ ಮನೆಯಲ್ಲಿ ಎರಡು ವರ್ಷ ಕುಡಿದೆವು. ನೀವು ನೋಡಬೇಕಾದ ಮಿತಿ ಲೀಟರಿಗೆ 1 ಮಿಲಿಗ್ರಾಂ, ಬೇರೆ ನೀರಿನ ಮೂಲವೇ ಇಲ್ಲದಿದ್ದರೆ 1.5.

ನಾನು ಬಳಸುವುದು ಎಲೆಕ್ಟ್ರೋಡ್ ಇರುವ ಮಾಪಕ. ತುದಿಯಲ್ಲಿ ಲ್ಯಾಂಥನಂ ಫ್ಲೋರೈಡ್‌ನ ಪುಟ್ಟ ಹರಳಿದೆ. ಮೊದಲ ತಿಂಗಳು ನೀರಿಗೆ ನೇರವಾಗಿ ಅದ್ದುತ್ತಿದ್ದೆ. ಒಂದೇ ಬಿಂದಿಗೆಯ ನೀರು ಬೆಳಿಗ್ಗೆ 1.1, ಸಂಜೆ 1.6! ತಪ್ಪು ನನ್ನದೇ. ಟಿಸಾಬ್ ಎಂಬ ದ್ರಾವಣವನ್ನು ಸಮಪಾಲು ಬೆರೆಸಬೇಕಿತ್ತು. ಅದು ಪಿಎಚ್ ಅನ್ನು (ನೀರಿನ ಹುಳಿ-ಕ್ಷಾರದ ಅಳತೆ) 5ರಿಂದ 5.5ರ ನಡುವೆ ಹಿಡಿದಿಡುತ್ತದೆ, ಅಲ್ಯೂಮಿನಿಯಂ ಮತ್ತು ಕಬ್ಬಿಣಕ್ಕೆ ಅಂಟಿಕೊಂಡ ಫ್ಲೋರೈಡನ್ನು ಬಿಡಿಸುತ್ತದೆ. ಈಗ ಅಳೆಯುವ ಮುನ್ನ ಪ್ರತಿಸಲ ಫ್ಲೋರೈಡ್ ಎಷ್ಟಿದೆ ಎಂದು ಮೊದಲೇ ಗೊತ್ತಿರುವ, ಲೀಟರಿಗೆ 1 ಮತ್ತು 10 ಮಿಲಿಗ್ರಾಂನ ಮಾದರಿ ದ್ರಾವಣಗಳಲ್ಲಿ ಹೊಂದಿಸಿಕೊಳ್ಳುತ್ತೇನೆ. ಎರಡರ ನಡುವೆ ಸುಮಾರು 54ರಿಂದ 60 ಮಿಲಿವೋಲ್ಟ್ ಅಂತರ ಬರಬೇಕು. ಒಮ್ಮೆ 41 ಬಂದಿತ್ತು. ಹರಳಿನ ಮೇಲೆ ತೆಳುವಾದ ಪೊರೆ ಕಟ್ಟಿತ್ತು, ಒರೆಸಿದ ಮೇಲೆ ಸರಿಹೋಯಿತು. ಬೋರಿನಿಂದ ಆಗಷ್ಟೇ ಬಂದ ನೀರನ್ನು ಮಾದರಿ ದ್ರಾವಣದಷ್ಟೇ ಬಿಸಿಗೆ ಬರುವವರೆಗೆ ನೆರಳಿನಲ್ಲಿಡಿ. ಗಾಜಿನ ಲೋಟ ಬೇಡ, ಪ್ಲಾಸ್ಟಿಕ್ ಬಳಸಿ.

ಇಷ್ಟನ್ನು ಬೇಸರವಿಲ್ಲದೆ ಮಾಡುವ ಒಬ್ಬರು ಶಾಲೆಯಲ್ಲಿದ್ದರೆ ಮಾತ್ರ ಕೊಳ್ಳಿ.

ಮುಳಬಾಗಿಲು ಕಡೆಯಿಂದ:
ಕೊಳ್ಳುವ ಮೊದಲು ಪಂಚಾಯಿತಿಯಲ್ಲಿ ಕೇಳಿ. ಜಲಜೀವನ್ ಯೋಜನೆಯಲ್ಲಿ ಹಳ್ಳಿಗೆ ಐವರು ಮಹಿಳೆಯರಿಗೆ ನೀರು ಪರೀಕ್ಷೆಯ ತರಬೇತಿ ಕೊಡುತ್ತಾರೆ, ನಾನೂ ಅದರಲ್ಲಿ ಒಬ್ಬಳು. ನಮ್ಮ ಕಿಟ್‌ನಲ್ಲಿ ಹನಿ ಹಾಕಿದರೆ ನೀರು ಕೆಂಪಾಗುತ್ತದೆ. ಫ್ಲೋರೈಡ್ ಹೆಚ್ಚಿದಷ್ಟೂ ಹಳದಿಗೆ ತಿರುಗುತ್ತದೆ. ಶೀಶೆಯ ದಿನಾಂಕ ಮೀರಿದ್ದರೆ ಬಣ್ಣವನ್ನು ನಂಬಬೇಡಿ. ಹಗಲು ಬೆಳಕಿನಲ್ಲಿ, ಬಿಳಿ ಹಾಳೆ ಹಿಡಿದು, ಇಬ್ಬರು ಬೇರೆಬೇರೆಯಾಗಿ ನೋಡಿ ಬರೆದುಕೊಳ್ಳಿ. 1ರ ಆಸುಪಾಸು ಬಂದರೂ ಪ್ರಯೋಗಾಲಯಕ್ಕೆ ಕಳುಹಿಸಿ. ನೀರನ್ನು ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಇಂಗಿ ಸಾಂದ್ರತೆ ಏರುತ್ತದೆ. ಅಡುಗೆಯವರಿಗೂ ಇದನ್ನು ಹೇಳಿ.

ಲಿಂಗಸುಗೂರಿನಿಂದ:
ಹಟ್ಟಿ ಗಣಿಯ ಸುತ್ತಮುತ್ತ ನಮಗೆ ಆರ್ಸೆನಿಕ್ ಭಯ. ಫ್ಲೋರೈಡ್ ಮಾಪಕ ಅದನ್ನು ಕಾಣುವುದಿಲ್ಲ. ಆರ್ಸೆನಿಕ್ ಕಿಟ್ ಬೇರೆ. ಪರೀಕ್ಷಿಸುವಾಗ ನೀರಿನಿಂದ ಏಳುವ ಅನಿಲ ತಾಗಿ ಕಾಗದದ ಪಟ್ಟಿ ಹಳದಿ, ಕಂದು ಆಗುತ್ತದೆ. ಅನಿಲ ವಿಷ, ಬಯಲಿನಲ್ಲೇ ಮಾಡಿ.

ಕೇಳಿದವರು:
ಪಂಚಾಯಿತಿಯ ಕಿಟ್ ತಂದು ನಿನ್ನೆ ನೋಡಿದೆವು. ಬಣ್ಣ 2ರ ಹತ್ತಿರ. ಪ್ಲಾಸ್ಟಿಕ್ ಬಾಟಲಿಯಲ್ಲಿ ನೀರನ್ನು ಪ್ರಯೋಗಾಲಯಕ್ಕೆ ಕಳುಹಿಸಿದ್ದೇವೆ. ವರದಿ ಬರುವವರೆಗೆ ಮಕ್ಕಳ ಕುಡಿಯುವ ನೀರು, ಅಡುಗೆ ನೀರು ಎರಡೂ ಬೇರೆ ಕಡೆಯಿಂದ ಬರುತ್ತಿವೆ.