ತೊಡೆಗೆ ಬೆಲ್ಟ್ ಬಿಗಿದು ಎಕ್ಸರ್‌ಸೈಜ್ ಮಾಡಿದರೆ ಪಾದ ಜೋಮು ಹಿಡಿಯುತ್ತದೆ, ಯಾಕೆ?

ತೀರ್ಥಹಳ್ಳಿ ರೈಡರ್:
ಕಬಡ್ಡಿ ಆಡುತ್ತೇನೆ. ಎಸಿಎಲ್ (ಮಂಡಿಯೊಳಗಿನ ಲಿಗಮೆಂಟ್) ಆಪರೇಷನ್ ಆಗಿ ಏಳೂವರೆ ತಿಂಗಳಾಯಿತು. ಮಂಡಿಚಿಪ್ಪಿನ ಕೆಳಗಿನ ಟೆಂಡನ್‌ನ ಒಂದು ಭಾಗ ತೆಗೆದು ಅದರ ಜಾಗಕ್ಕೆ ಗ್ರಾಫ್ಟ್ ಹಾಕಿದ್ದಾರೆ. ತೋಟಕ್ಕೆ ಇಳಿದು ಹತ್ತಲು ತೊಂದರೆ ಇಲ್ಲ, ಆದರೆ ಆ ತೊಡೆ ಇನ್ನೂ ಸಣಕಲು, ಲೆಗ್ ಎಕ್ಸ್‌ಟೆನ್ಷನ್‌ನಲ್ಲಿ (ಕೂತು ಮಂಡಿ ನೇರ ಮಾಡಿ ತೂಕ ಎತ್ತುವುದು) ತೂಕ ಏರಿಸಿದರೆ ಚಿಪ್ಪಿನ ಕೆಳಗೆ ಚುಚ್ಚುತ್ತದೆ. ಫಿಸಿಯೋ ಇರುವುದು ಶಿವಮೊಗ್ಗದಲ್ಲಿ, ಈ ಮಳೆಯಲ್ಲಿ ವಾರ ವಾರ ಹೋಗುವುದು ಆಗದ ಮಾತು. ಅದಕ್ಕೇ ವಿಡಿಯೋ ನೋಡಿ ಬಿಎಫ್‌ಆರ್ (ಪಟ್ಟಿ ಬಿಗಿದು ರಕ್ತದ ಹರಿವು ತಗ್ಗಿಸಿ ಕಡಿಮೆ ತೂಕದಲ್ಲಿ ಮಾಡುವ ವ್ಯಾಯಾಮ) ಶುರು ಮಾಡಿದೆ, ಎರಡು ಬೆರಳಗಲದ ಎಲಾಸ್ಟಿಕ್ ಬೆಲ್ಟ್. ಎರಡನೇ ಸೆಟ್‌ಗೇ ಪಾದ ಜೋಮು, ಬಣ್ಣವೂ ಬಿಳಿಚಿಕೊಳ್ಳುತ್ತದೆ. ಇದು ಹೀಗೇನಾ?

ಸಾಗರದ ಫಿಸಿಯೋ:
ಮೊದಲು ಆ ಬೆಲ್ಟ್ ಬಿಚ್ಚಿಡಿ ಮಾರಾಯ್ರೆ. ತೊಡೆ ಉರಿಯಬೇಕು, ಪಾದ ಜೋಮು ಹಿಡಿಯಬಾರದು. ವಾಪಸ್ ಬರುವ ರಕ್ತವನ್ನು ತಡೆಯಬೇಕು, ಕಾಲಿಗೆ ಹೋಗುವ ರಕ್ತ ಕಡಿಮೆಯಾಗಬೇಕೇ ಹೊರತು ನಿಲ್ಲಬಾರದು. ಸಣ್ಣ ಪಟ್ಟಿಗೆ ಬಿಗಿ ಜಾಸ್ತಿ ಬೇಕು, ಒಂದೇ ಕಡೆ ಕಚ್ಚಿ ನರ ಒತ್ತುತ್ತದೆ. ಗಾಳಿ ತುಂಬುವ ಅಗಲದ ಪಟ್ಟಿ, ಅಂದರೆ ಕಫ್ ಬೇಕು, ತೊಡೆಯ ತೀರಾ ಮೇಲ್ಭಾಗಕ್ಕೆ ಕಟ್ಟಬೇಕು. ನಿಮ್ಮ ಕಾಲಿನ ರಕ್ತ ಪೂರ್ತಿ ನಿಲ್ಲುವ ಒತ್ತಡ ಎಷ್ಟೆಂದು ಡಾಪ್ಲರ್‌ನಲ್ಲಿ (ರಕ್ತದ ಹರಿವು ಪತ್ತೆ ಮಾಡುವ ಸಾಧನ) ಅಳೆದು, ಅದರ ಶೇ. 60ರಿಂದ 80 ಇಡುತ್ತಾರೆ. ಬೇರೆಯವರ ಒತ್ತಡದ ಲೆಕ್ಕ ನಿಮಗೆ ಆಗುವುದಿಲ್ಲ, ತೊಡೆ ದಪ್ಪ, ಬಿಪಿ, ಕಫ್ ಅಗಲ ಎಲ್ಲ ಲೆಕ್ಕಕ್ಕೆ ಬರುತ್ತವೆ. ತೂಕ ನೀವು ಒಂದೇ ಸಲ ಎತ್ತಬಲ್ಲ ಗರಿಷ್ಠದ ಶೇ. 20–30 ಸಾಕು. ಮೊದಲು 30 ಸಲದ ಒಂದು ಸೆಟ್, ಆಮೇಲೆ 15 ಸಲದಂತೆ ಮೂರು ಸೆಟ್, ನಡುವೆ 30 ಸೆಕೆಂಡ್ ಬಿಡುವು. ಮುಗಿದ ಕೂಡಲೇ ಗಾಳಿ ಬಿಡಿ.

ಹಿಂದೆ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಿತ್ತಾ? ಬಿಪಿ ಜಾಸ್ತಿ ಇದೆಯಾ? ಇದ್ದರೆ ಇದು ಬೇಡವೇ ಬೇಡ. ಮೀನಖಂಡ ಊದಿ ನೋಯುತ್ತಿದ್ದರೆ ಇವತ್ತೇ ಡಾಕ್ಟರಿಗೆ ತೋರಿಸಿ.

ತೀರ್ಥಹಳ್ಳಿ ರೈಡರ್:
ಎರಡೂ ಇಲ್ಲ, ಊತವೂ ಇಲ್ಲ. ಬೆಲ್ಟ್ ಬಿಚ್ಚಿದ ಎರಡು ನಿಮಿಷಕ್ಕೆ ಜೋಮು ಇಳಿಯುತ್ತದೆ. ಅಪ್ಪನ ಬಿಪಿ ಮಿಷನ್ ಪಟ್ಟಿ ಕಟ್ಟಬಹುದಾ?

ಸಾಗರದ ಫಿಸಿಯೋ:
ಅದು ತೋಳಿನ ಅಳತೆಯದ್ದು, ತೊಡೆಗೆ ಸುತ್ತಿದರೆ ಮೊದಲ ಸ್ಕ್ವಾಟ್‌ಗೇ ಬಿಚ್ಚಿಕೊಳ್ಳುತ್ತದೆ. ಅಪ್ಪನಿಗೇ ಇರಲಿ.

ಹಳೇ ಡಿಫೆಂಡರ್:
ನನ್ನದೂ ಅದೇ ಗ್ರಾಫ್ಟ್. ಒಂದು ಮಾತು, ಈ ಹಂತದಲ್ಲಿ ಬರೀ ಬಿಎಫ್‌ಆರ್ ನೆಚ್ಚಿಕೊಳ್ಳಬೇಡಿ. ಚುಚ್ಚುವ ದಿನಕ್ಕೆ ಅದು ಚೆನ್ನಾಗಿದೆ, ತೊಡೆಯೂ ತುಂಬುತ್ತದೆ. ಆದರೆ ಎದುರಾಳಿ ಪಾದ ಹಿಡಿದು ಎಳೆಯುವಾಗ ಕಾಲು ನಿಲ್ಲಬೇಕಾದರೆ ಭಾರದ ತೂಕ, ಜಿಗಿತ, ತಿರುವು ಎಲ್ಲ ಅಭ್ಯಾಸ ಆಗಿರಬೇಕು. ಚುಚ್ಚದಷ್ಟೇ ಮಂಡಿ ಮಡಿಸಿ ಲೆಗ್ ಪ್ರೆಸ್‌ನಲ್ಲಿ (ಪಾದದಿಂದ ತೂಕ ತಳ್ಳುವ ಮಿಷನ್) ತೂಕ ಏರಿಸುತ್ತಾ ಹೋಗಿ. ಒಂಬತ್ತು ತಿಂಗಳು ತುಂಬುವ ತನಕ, ಇನ್ನೊಂದು ಕಾಲಿನ ಶೇ. 90ರಷ್ಟಾದರೂ ಬಲ ಬರುವ ತನಕ ಅಂಕಣಕ್ಕೆ ಇಳಿಯಲೇಬೇಡಿ. ನನ್ನ ಕಾಲು ಅಷ್ಟಕ್ಕೆ ಬರಲು ವರ್ಷವೇ ಹಿಡಿಯಿತು.

ತೀರ್ಥಹಳ್ಳಿ ರೈಡರ್:
ಮಂಗಳವಾರ ಬಸ್ ಹತ್ತುತ್ತೇನೆ. ಒತ್ತಡ ಅಳೆಸಿಕೊಂಡು, ಕಫ್ ಬಾಡಿಗೆಗೆ ಸಿಗುತ್ತದಾ ಅಂತಲೂ ಕೇಳಿ ಬರುತ್ತೇನೆ.